ಎಕ್ಕದ ಗಿಡದ ಬಣ್ಣದ ಬಳಗ

ನಮ್ಮ ಬಯಲುಸೀಮೆಯಲ್ಲಿ ಎಕ್ಕದ ಗಿಡವಿಲ್ಲದ ಊರನ್ನು ಹುಡುಕುವುದು ಕಷ್ಟ. ಹಾಳುಬಿದ್ದ ಗೋಡೆಯ ಮಗ್ಗುಲು, ಕೆರೆಯ ಏರಿ, ರೈಲುದಾರಿಯ ಅಂಚು, ಮನೆ ಏಳದೆ ಉಳಿದ ನಿವೇಶನ, ಹೀಗೆ ಬೇರೆ ಗಿಡಗಳು ಸೊರಗುವ ಕಡೆಯಲ್ಲೆಲ್ಲ ಇದು ಆಳೆತ್ತರಕ್ಕೆ ಬೆಳೆದು, ಬೂದಿ ಸವರಿದಂತಿರುವ ದಪ್ಪ ಎಲೆಗಳನ್ನು ಹರಡಿ ನಿಂತಿರುತ್ತದೆ. ರಥಸಪ್ತಮಿಯ ಬೆಳಿಗ್ಗೆ ಇದರ ಎಲೆಗಳನ್ನು ತಲೆ ಹೆಗಲುಗಳ ಮೇಲಿರಿಸಿಕೊಂಡು ಮೀಯುವವರುಂಟು. ಶನಿವಾರ ಆಂಜನೇಯನಿಗೆ ಇದರ ಹೂವಿನ ಹಾರವನ್ನು ಅರ್ಪಿಸುವವರುಂಟು. ಅಂಗಾಲಿಗೆ ಮುಳ್ಳು ನೆಟ್ಟಾಗ ಇದರ ಹಾಲನ್ನು ಬಿಡುವವರೂ ಉಂಟು. ಆದರೆ ಈ ಗಿಡದ ಮುಂದೆ ಅರ್ಧ ಗಂಟೆ ಸುಮ್ಮನೆ ನಿಂತು ನೋಡುವವರು ಮಾತ್ರ ವಿರಳ. ಹಾಗೆ ನೋಡಿದವರ ಕಣ್ಣಿಗೆ ಒಂದು ವಿಚಿತ್ರವಾದ ಸಂಗತಿ ಬೀಳುತ್ತದೆ.

ಬೇರೆ ಗಿಡಗಳ ಮೇಲಿನ ಹುಳುಗಳನ್ನು ಹುಡುಕಿ ಕಾಣಬೇಕು. ಕರಿಬೇವಿನ ಎಲೆಯ ಮೇಲಿನ ಹಸಿರು ಹುಳು ಎಲೆಯ ಬಣ್ಣದಲ್ಲಿ ಬೆರೆತುಹೋಗಿರುತ್ತದೆ. ಹುಲ್ಲಿನ ಮಿಡತೆ ಹುಲ್ಲಿನ ಎಸಳಿನಂತೆಯೇ ಇರುತ್ತದೆ. ಮರದ ತೊಗಟೆಯ ಮೇಲಿನ ಪತಂಗ ತೊಗಟೆಯೇ ಆಗಿರುತ್ತದೆ. ಎಕ್ಕದ ಗಿಡದ ನಿವಾಸಿಗಳಲ್ಲಿ ಈ ಸಂಕೋಚ ಕಾಣದು. ಒಂದು ಹಳದಿ ನೀಲಿ ಪಟ್ಟೆಗಳನ್ನು ಧರಿಸಿದೆ, ಇನ್ನೊಂದು ಕೆಂಪು ಕಪ್ಪು ಉಟ್ಟಿದೆ, ಮತ್ತೊಂದು ಕಪ್ಪು, ಬಿಳಿ, ಹಳದಿ ಮೂರನ್ನೂ ಒಟ್ಟಿಗೆ ಹೊದ್ದಿದೆ. ಜಾತ್ರೆಗೆ ಹೊರಟವರಂತೆ ಇವು ಎಲೆಯ ಮೇಲೆ ಹಾಡುಹಗಲಿನಲ್ಲಿ ಕುಳಿತಿರುತ್ತವೆ. ನಾವು ಕೈ ಚಾಚಿದರೂ ಓಡುವ ಆತುರ ತೋರುವುದಿಲ್ಲ. ಗೊರವಂಕ, ಕಾಜಾಣ, ಓತಿಕೇತಗಳು ಸುತ್ತಮುತ್ತಲೇ ಬೇಟೆಯಾಡುತ್ತಿರುವಾಗ ಈ ಹುಳುಗಳಿಗೆ ಇಷ್ಟೊಂದು ಧೈರ್ಯ ಎಲ್ಲಿಂದ ಬಂದಿತು?

ಉತ್ತರವು ಗಿಡದ ಹಾಲಿನಿಂದಲೇ ಪ್ರಾರಂಭವಾಗುತ್ತದೆ. ಎಕ್ಕದ ಎಲೆಯನ್ನು ಮುರಿದೊಡನೆ ಬಿಳಿಯ ಹಾಲು ಹೊಮ್ಮಿ ಬರುತ್ತದೆ. ಹಾಗೆ ಹೊಮ್ಮಲು ಕಾರಣ ಒತ್ತಡ. ಎಲೆ, ಕಾಂಡ, ಕಾಯಿಗಳ ಒಳಗೆಲ್ಲ ಹಾಲಿನ ನಾಳಗಳು ಜಾಲದಂತೆ ಹಬ್ಬಿವೆ. ಸುತ್ತಲಿನ ಜೀವಕೋಶಗಳು ನೀರು ಹೀರಿ ಬಿಗಿದುಕೊಂಡಿರುವುದರಿಂದ ನಾಳಗಳಲ್ಲಿನ ದ್ರವವೂ ಒತ್ತಡಕ್ಕೆ ಸಿಕ್ಕಿರುತ್ತದೆ. ಸಸ್ಯಕೋಶಗಳ ಒಳಗಿನ ಒತ್ತಡವು ಸಾಮಾನ್ಯವಾಗಿ ಮೋಟಾರು ಗಾಡಿಯ ಚಕ್ರದೊಳಗಿನ ಗಾಳಿಯ ಒತ್ತಡವನ್ನು ಮೀರಿಸುವಂಥದು. ಆದ್ದರಿಂದ ಒಂದು ಕಡೆ ಗಾಯವಾದರೆ ಸಾಕು, ಹಾಲು ಅತ್ತ ನುಗ್ಗುತ್ತದೆ. ಹೊರಗಿನ ಗಾಳಿ ಸೋಕಿದ ಸ್ವಲ್ಪ ಹೊತ್ತಿನಲ್ಲಿ ಅದು ಅಂಟಾಗಿ ಗಟ್ಟಿಯಾಗುತ್ತದೆ. ಎಲೆಯನ್ನು ಕಚ್ಚಿದ ಎಳೆಯ ಹುಳುವಿನ ದವಡೆಗಳು ಈ ಅಂಟಿನಲ್ಲಿ ಸಿಕ್ಕಿ ಮೆತ್ತಿಕೊಳ್ಳುತ್ತವೆ.

ಅಂಟು ಮೊದಲನೆಯ ಕಾವಲಾದರೆ ಎರಡನೆಯದು ವಿಷ. ಹಾಲಿನಲ್ಲಿ ಕೆಲಟ್ರೋಪಿನ್, ಉಸ್ಕಾರಿನ್ ಮೊದಲಾದ ಹೃದಯವಿಷಗಳಿವೆ. 1785ರಲ್ಲಿ ವಿಲಿಯಂ ವಿದರಿಂಗ್ ಎಂಬ ಇಂಗ್ಲಿಷ್ ವೈದ್ಯನು ಡಿಜಿಟಾಲಿಸ್ ಗಿಡದ ಔಷಧಗುಣವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದನಷ್ಟೆ. ಆ ಗಿಡದ ಸತ್ತ್ವಗಳೂ ಎಕ್ಕದ ವಿಷಗಳೂ ಒಂದೇ ಕುಲದವು. ಅತ್ಯಲ್ಪ ಪ್ರಮಾಣದಲ್ಲಿ ಹೃದಯಕ್ಕೆ ಬಲ ಕೊಡಬಲ್ಲವು, ಸ್ವಲ್ಪ ಹೆಚ್ಚಾದರೆ ಅದನ್ನು ನಿಲ್ಲಿಸಿಬಿಡಬಲ್ಲವು.

ಇಲ್ಲಿ ಓದುಗ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯಲಾರೆವು. ಎಕ್ಕದ ಹಾಲು ಕೈಗೆ ತಗುಲಿದರೆ ದೊಡ್ಡ ಅಪಾಯವಿಲ್ಲ. ಅದೇ ಕೈಯಿಂದ ಕಣ್ಣುಜ್ಜಿಕೊಂಡರೆ ಅಪಾಯವಿದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ ಊದಿಕೊಂಡು ದೃಷ್ಟಿ ಮಸುಕಾಗುತ್ತದೆ. ಇದರಲ್ಲಿ ಮೋಸದ ಅಂಶವೆಂದರೆ, ಎಷ್ಟೋ ವೇಳೆ ನೋವು ಹೆಚ್ಚಾಗಿ ಇರುವುದಿಲ್ಲ. ಆದ್ದರಿಂದ ಜನ ಉಪೇಕ್ಷೆ ಮಾಡುತ್ತಾರೆ. ಹಾಲು ಕಣ್ಣಿಗೆ ಬಿದ್ದರೆ ಒಡನೆಯೇ ಧಾರಾಳವಾಗಿ ಶುದ್ಧ ನೀರಿನಿಂದ ತೊಳೆದು, ತಡಮಾಡದೆ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು. ಗಿಡವನ್ನು ನೋಡಲು ಹೋದವರು ಎಲೆಯನ್ನು ಮುರಿಯದಿರುವುದೇ ಮೇಲು. ಮುಟ್ಟಿದರೆ ಸೋಪು ಹಚ್ಚಿ ಕೈತೊಳೆಯುವವರೆಗೆ ಮುಖದ ಕಡೆಗೆ ಕೈ ಹೋಗಬಾರದು.

ಇಂಥ ಗಿಡದ ಮೇಲೆ ಸಂಸಾರ ಹೂಡಿರುವವರು ಯಾರು ಯಾರು ಎಂಬುದನ್ನು ಈಗ ನೋಡೋಣ.

ಮೊದಲು ಕಣ್ಣಿಗೆ ಬೀಳುವುದು ಎಕ್ಕದ ಮಿಡತೆ. ವಿಜ್ಞಾನಿಗಳು ಇದಕ್ಕೆ ಪೀಕಿಲೋಸೆರಸ್ ಪಿಕ್ಟಸ್ ಎಂದು ಹೆಸರಿಟ್ಟಿದ್ದಾರೆ. ಪಿಕ್ಟಸ್ ಎಂದರೆ ಬಣ್ಣ ಬಳಿದದ್ದು ಎಂದರ್ಥ. ಬೆಳೆದ ಮಿಡತೆಯ ಮೈಮೇಲೆ ನಿಂಬೆಹಣ್ಣಿನ ಹಳದಿ ಮತ್ತು ಹಸಿರು ಮಿಶ್ರಿತ ನೀಲಿ ಪಟ್ಟೆಗಳು ಒಂದಾದಮೇಲೊಂದು ಬರುತ್ತವೆ. ಮುಂದಿನ ರೆಕ್ಕೆಗಳು ಹಸಿರು, ಅವುಗಳ ಮೇಲೆ ಹಳದಿಯ ಚುಕ್ಕೆಗಳು. ಮಡಿಸಿಟ್ಟ ಹಿಂದಿನ ರೆಕ್ಕೆಗಳು ತಿಳಿಗೆಂಪು. ಯಕ್ಷಗಾನದ ವೇಷಧಾರಿಯೊಬ್ಬನು ದಾರಿ ತಪ್ಪಿ ಬಂದು ಎಲೆಯ ಮೇಲೆ ಕುಳಿತಂತೆ ತೋರುತ್ತದೆ. ಇದರ ಮರಿಗಳ ವೇಷ ಬೇರೆ: ಹಸಿರು ಛಾಯೆಯ ಹಳದಿ ಮೈ, ಅದರ ಮೇಲೆ ಸೂಕ್ಷ್ಮವಾದ ಕಪ್ಪು ಗೆರೆಗಳು, ನಡುನಡುವೆ ಕಡುಗೆಂಪು ಬೊಟ್ಟುಗಳು.

ಅರ್ಧ ಬೆಳೆದ ಮರಿಯೊಂದನ್ನು ಮೆಲ್ಲನೆ ಚಿಮುಟಿ ಹಿಡಿದರೆ ಅದರ ಧೈರ್ಯದ ಗುಟ್ಟು ಹೊರಬೀಳುತ್ತದೆ. ಹೊಟ್ಟೆಯ ಮೇಲುಭಾಗದಲ್ಲಿ, ಮೊದಲನೆಯ ಮತ್ತು ಎರಡನೆಯ ಖಂಡಗಳ ನಡುವೆ, ಒಂದು ಸಣ್ಣ ರಂಧ್ರವಿದೆ. ಅದರಿಂದ ಹಾಲಿನಂಥ ದ್ರವವೊಂದು ಪಿಚಕಾರಿಯಿಂದ ಬಂದಂತೆ ಚಿಮ್ಮಿ ಎರಡು ಅಂಗುಲಕ್ಕೂ ಮಿಕ್ಕಿದ ದೂರ ಹೋಗುತ್ತದೆ. ಎಲ್ಲಿ ಚಿಮುಟಿದೆವೋ ಆ ಕಡೆಗೇ ಗುರಿಯಿಟ್ಟು ಹಾರಿಸುವುದು ಇದರ ವಿಶೇಷ. ಒಮ್ಮೆ ಹಾರಿಸಿ ಸುಮ್ಮನಾಗದೆ ಮತ್ತೆ ಮತ್ತೆ ಹಾರಿಸುವುದೂ ಉಂಟು. ಬೆಳೆದ ಮಿಡತೆಯಲ್ಲಿ ಈ ದ್ರವ ರೆಕ್ಕೆಯ ಅಡಿಯಲ್ಲಿ ಹೊರಟು ಅಂಟಾದ ನೊರೆಯಾಗಿ ನಿಲ್ಲುತ್ತದೆ. ದ್ರವದಲ್ಲಿರುವುದು ಮಿಡತೆ ತಾನೇ ತಯಾರಿಸಿದ ವಿಷವಲ್ಲ, ಎಕ್ಕದಿಂದ ಪಡೆದ ಹೃದಯವಿಷ. ಇದೇ ಕುಲಕ್ಕೆ ಸೇರಿದ ಪಶ್ಚಿಮ ಏಷ್ಯದ ಮಿಡತೆಯೊಂದರಲ್ಲಿ ಗಿಡದ ವಿಷವು ಹೀಗೆ ಸಂಗ್ರಹವಾಗುವುದನ್ನು ರೈಖ್‌ಸ್ಟೈನ್, ಮಿರಿಯಂ ರಾತ್‌ಚೈಲ್ಡ್ ಮತ್ತು ಅವರ ಸಂಗಡಿಗರು 1967ರಲ್ಲಿ ರಾಸಾಯನಿಕ ಪರೀಕ್ಷೆಯಿಂದ ತೋರಿಸಿದರು. (ಮಿಡತೆಯನ್ನು ಚಿಮುಟುವ ಪ್ರಯೋಗವನ್ನು ಮುಖದ ಬಳಿ ಮಾಡಬಾರದೆಂದು ಬೇರೆ ಹೇಳಬೇಕಾಗಿಲ್ಲ.)

ಎರಡನೆಯ ಮುಖ್ಯ ನಿವಾಸಿ ಒಂದು ಚಿಟ್ಟೆಯ ಮರಿಹುಳು. ಡನಾಯಸ್ ಕ್ರಿಸಿಪ್ಪಸ್ ಎಂಬ ಈ ಚಿಟ್ಟೆಯನ್ನು ಇಂಗ್ಲಿಷಿನಲ್ಲಿ ಪ್ಲೇನ್ ಟೈಗರ್ ಎನ್ನುತ್ತಾರೆ. ಕಾವಿಬಣ್ಣದ ರೆಕ್ಕೆ, ಮುಂದಿನ ರೆಕ್ಕೆಯ ತುದಿಯಲ್ಲಿ ಕಪ್ಪು, ಆ ಕಪ್ಪಿನಲ್ಲಿ ಬಿಳಿಯ ಪಟ್ಟಿ. ನಮ್ಮ ಹೊಲಗದ್ದೆಗಳಲ್ಲಿ ಅತ್ಯಂತ ಸಾಮಾನ್ಯವಾದ ಚಿಟ್ಟೆಗಳಲ್ಲಿ ಇದೂ ಒಂದು. ಹಾರುವಾಗಲೂ ಅವಸರವಿಲ್ಲ, ಸಂಜೆಯ ವಾಯುಸೇವನೆಗೆ ಹೊರಟವರ ನಡಿಗೆ. ಎಲೆಗೆ ಒಂದೊಂದೇ ಮೊಟ್ಟೆಯನ್ನಿಡುತ್ತದೆ. ಅದರಿಂದ ಹೊರಟ ಮರಿಹುಳುವಿನ ಮೈತುಂಬ ಕಪ್ಪು ಬಿಳಿ ಉಂಗುರಗಳು, ಬೆನ್ನಿನ ಎರಡು ಪಕ್ಕಗಳಲ್ಲಿ ಹಳದಿಯ ದಪ್ಪ ಮಚ್ಚೆಗಳು, ಮತ್ತು ಮೂರು ಜೊತೆ ಉದ್ದನೆಯ ಕಪ್ಪು ಕೋಡುಗಳು.

ಉಳಿದವರನ್ನು ಬೇಗನೆ ಹೆಸರಿಸಿಬಿಡಬಹುದು. ಕಾಯಿಗಳ ಮೇಲೆ ಗುಂಪುಗೂಡುವ ಕೆಂಪು ಕಪ್ಪು ತಿಗಣೆಗಳು ಬೀಜದ ರಸವನ್ನು ಹೀರುತ್ತವೆ. ಚಿಗುರಿನ ತುದಿಯಲ್ಲಿ ಅರಿಸಿನದ ಪುಡಿ ಚೆಲ್ಲಿದಂತೆ ಕಾಣುವುದು ಸಸ್ಯಹೇನುಗಳ ದಂಡು. ಹಳದಿ ಮೈ, ಕಪ್ಪು ಕಾಲುಗಳು. ಗಂಡಿನ ಹಂಗಿಲ್ಲದೆ ಹೆಣ್ಣುಗಳೇ ನೇರವಾಗಿ ಮರಿಗಳನ್ನು ಹಾಕುವುದರಿಂದ ಇವುಗಳ ಸಂಖ್ಯೆ ಕೆಲವೇ ದಿನಗಳಲ್ಲಿ ಏರುತ್ತದೆ. ಅವುಗಳನ್ನು ತಿನ್ನಲು ಬರುವ ಗುಲಗಂಜಿ ಹುಳುವೂ ಬಣ್ಣಗಾರನೇ. ಎಲೆ ತಿನ್ನುವ, ಲೋಹದಂತೆ ಹೊಳೆಯುವ ನೀಲಿಯ ಜೀರುಂಡೆಯೊಂದೂ ಒಮ್ಮೊಮ್ಮೆ ಸಿಗುತ್ತದೆ.

ಇನ್ನು ಮರಿಹುಳುವಿಗೆ ಮರಳೋಣ. ಅಂಟುಹಾಲು ಒತ್ತಡದಿಂದ ನುಗ್ಗುವ ಎಲೆಯನ್ನು ಅದು ತಿನ್ನುವುದಾದರೂ ಹೇಗೆ? ಬೆಳೆದ ಹುಳುವನ್ನು ತಾಳ್ಮೆಯಿಂದ ಗಮನಿಸಿದರೆ ಅದು ಕೂಡಲೆ ಊಟಕ್ಕೆ ತೊಡಗದಿರುವುದು ಕಾಣುತ್ತದೆ. ಮೊದಲು ಎಲೆಯ ಬುಡದ ಕಡೆಗೆ ಹೋಗಿ ನರವೊಂದನ್ನು ಕಚ್ಚಿ ಕೊಯ್ಯುತ್ತದೆ. ಅಲ್ಲಿ ಹಾಲು ಹರಿದು ಸುರಿಯುತ್ತದೆ. ಹುಳು ತಿರುಗಿ ಎಲೆಯ ತುದಿಯತ್ತ ನಡೆದು, ಕೊಯ್ದ ಜಾಗದಿಂದ ಆಚೆಯ ಭಾಗವನ್ನು ನೆಮ್ಮದಿಯಾಗಿ ಮೇಯುತ್ತದೆ. ಮೇಲುಗಡೆ ಕಾಲುವೆಯ ಏರಿ ಒಡೆದರೆ ಕೆಳಗಣ ಗದ್ದೆಗೆ ನೀರು ಬಾರದೆಂಬುದನ್ನು ನಮ್ಮ ರೈತರು ಬಲ್ಲರು. ಹುಳು ಮಾಡುವುದೂ ಅದನ್ನೇ. ನಾಳದ ಒತ್ತಡವೆಲ್ಲ ಒಡಕಿನಲ್ಲಿಯೇ ವ್ಯಯವಾಗಿ ಹೋದಮೇಲೆ ಆಚೆಗಿನ ನಾಳಗಳಲ್ಲಿ ಹಾಲು ನುಗ್ಗಲು ಬಲವುಳಿಯುವುದಿಲ್ಲ. ಅನೇಕ ಹಾಲುಗಿಡಗಳ ಮೇಲೆ ಬಾಳುವ ಕೀಟಗಳಲ್ಲಿ ಈ ಯುಕ್ತಿ ಇರುವುದನ್ನು ಡುಸ್ಸೂರ್ಡ್ ಮತ್ತು ಐಸ್ನರ್ ಎಂಬ ಅಮೆರಿಕದ ಸಂಶೋಧಕರು 1987ರಲ್ಲಿ ವಿಶದಪಡಿಸಿದರು. ಒತ್ತಡದ ಪಾಠವನ್ನು ಕಪ್ಪುಹಲಗೆಯ ಮೇಲೆ ಬರೆದು ಬೋಧಿಸುವ ನಮ್ಮಂಥವರಿಗೆ ಇದನ್ನು ಎಲೆಯ ಮೇಲೆ ಕಂಡಾಗ ಆದ ಸಂತೋಷ ಸಣ್ಣದಲ್ಲ.

ಅಂಟಿನ ಕಾಟ ಹೀಗೆ ಕಳೆಯಿತು. ಆದರೆ ಎಲೆಯಲ್ಲಿ ಉಳಿದ ವಿಷ ಹುಳುವನ್ನೇಕೆ ಕೊಲ್ಲುವುದಿಲ್ಲ?

ಪ್ರಾಣಿಗಳ ಪ್ರತಿಯೊಂದು ಜೀವಕೋಶದ ಪೊರೆಯಲ್ಲಿಯೂ ಒಂದು ಬಗೆಯ ಪಂಪುಗಳಿವೆ. ಅವು ಪ್ರೋಟೀನಿನ ಅಣುಗಳು. ಪ್ರತಿ ಸುತ್ತಿನಲ್ಲಿ ಮೂರು ಸೋಡಿಯಂ ಅಯಾನುಗಳನ್ನು ಹೊರಕ್ಕೆ ನೂಕಿ ಎರಡು ಪೊಟಾಸಿಯಂ ಅಯಾನುಗಳನ್ನು ಒಳಕ್ಕೆ ಎಳೆದುಕೊಳ್ಳುವುದು ಇವುಗಳ ಕೆಲಸ. ಇದರಿಂದ ಕೋಶದ ಒಳಗೂ ಹೊರಗೂ ವಿದ್ಯುತ್ತಿನ ಅಂತರವೊಂದು ಉಳಿದುಬರುತ್ತದೆ. ನರಗಳು ಸಂದೇಶ ಒಯ್ಯುವುದೂ ಹೃದಯ ಮಿಡಿಯುವುದೂ ಈ ಅಂತರದ ಬಲದಿಂದಲೇ. 1957ರಲ್ಲಿ ಈ ಪಂಪನ್ನು ಕಂಡುಹಿಡಿದ ಡೆನ್ಮಾರ್ಕಿನ ಯೆನ್ಸ್ ಸ್ಕೌ ಅವರಿಗೆ 1997ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಹೃದಯವಿಷದ ಅಣು ಪಂಪಿನ ಹೊರಮುಖದಲ್ಲಿರುವ ಒಂದು ಸಂದಿನಲ್ಲಿ ಬಂದು ಕುಳಿತು, ಬೀಗಕ್ಕೆ ಮುರಿದ ಕೀಲಿ ಸಿಕ್ಕಿಕೊಂಡಂತೆ, ಅದರ ಓಡಾಟವನ್ನೇ ನಿಲ್ಲಿಸುತ್ತದೆ.

ಹಾಲುಗಿಡಗಳನ್ನು ತಿನ್ನುವ ಹಲವು ಕೀಟಗಳಲ್ಲಿ ಬೀಗವೇ ಬದಲಾಗಿದೆ. ನಮ್ಮ ಚಿಟ್ಟೆಯ ಹತ್ತಿರದ ಬಂಧುವಾದ ಅಮೆರಿಕದ ಮೊನಾರ್ಕ್ ಚಿಟ್ಟೆಯಲ್ಲಿ ಪಂಪಿನ ಪ್ರೋಟೀನು ಸರಪಳಿಯ 122ನೆಯ ಸ್ಥಾನದಲ್ಲಿ ಇರಬೇಕಾದ ಆಸ್ಪರಜೀನ್ ಹೋಗಿ ಹಿಸ್ಟಿಡೀನ್ ಬಂದಿದೆ. ಇಷ್ಟರಿಂದಲೇ ವಿಷದ ಅಣು ಸಂದಿನಲ್ಲಿ ಸರಿಯಾಗಿ ಕೂರುವುದು ಕಷ್ಟವಾಗುತ್ತದೆ. ಬಲು ಬೆರಗಿನ ವಿಷಯವೆಂದರೆ, ಅಮೆರಿಕದ ಹಾಲುಗಿಡಗಳ ಮೇಲಿನ ತಿಗಣೆಯಲ್ಲಿ ಮತ್ತು ಜೀರುಂಡೆಯಲ್ಲಿ ಕೂಡ ಅದೇ ಸ್ಥಾನದಲ್ಲಿ ಅದೇ ಬದಲಾವಣೆ ಆಗಿರುವುದು 2012ರಲ್ಲಿ ಬೆಳಕಿಗೆ ಬಂದಿತು. ಚಿಟ್ಟೆ, ತಿಗಣೆ, ಜೀರುಂಡೆಗಳ ವಂಶಗಳು ಕೋಟಿಗಟ್ಟಲೆ ವರ್ಷಗಳ ಹಿಂದೆಯೇ ಬೇರೆಯಾದವು. ಆದರೂ ಒಂದೇ ಪ್ರಶ್ನೆಗೆ ಮೂವರೂ ಒಬ್ಬರನ್ನೊಬ್ಬರು ನೋಡದೆ ಒಂದೇ ಉತ್ತರವನ್ನು ಬರೆದಿವೆ! ಪರೀಕ್ಷಾ ಕೊಠಡಿಯಲ್ಲಿ ಹೀಗಾಗಿದ್ದರೆ ನಾವು ಖಂಡಿತ ನಂಬುತ್ತಿರಲಿಲ್ಲ.

2019ರಲ್ಲಿ ಅಮೆರಿಕದ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಯೋಗಾಲಯದ ಹಣ್ಣುನೊಣಗಳ ಪಂಪಿನಲ್ಲಿ ಈ ಬದಲಾವಣೆಗಳನ್ನು ಕೈಯಾರೆ ಮಾಡಿ ನೋಡಿದರು. 122ನೆಯ ಸ್ಥಾನವನ್ನು ಮಾತ್ರ ಬದಲಿಸಿದ ನೊಣಗಳು ವಿಷವನ್ನು ತಡೆದುಕೊಂಡವು, ಆದರೆ ಅವುಗಳ ನರಮಂಡಲ ದುರ್ಬಲವಾಯಿತು. ಸೀಸೆಯನ್ನು ಜೋರಾಗಿ ಅಲುಗಿಸಿದರೆ ಸ್ತಬ್ಧವಾಗಿ ಬೀಳುತ್ತಿದ್ದವು. ಇನ್ನೂ ಒಂದು ಸ್ಥಾನವನ್ನು, 119ನೆಯದನ್ನು, ಜೊತೆಗೂಡಿಸಿ ಬದಲಿಸಿದಾಗ ಈ ದೋಷ ಬಹುಮಟ್ಟಿಗೆ ಕಳೆಯಿತು. ಮೂರು ಸ್ಥಾನಗಳನ್ನೂ ಬದಲಿಸಿದ ನೊಣಗಳು ಹೃದಯವಿಷ ಬೆರೆಸಿದ ಆಹಾರದ ಮೇಲೆ ಮೊನಾರ್ಕ್ ಚಿಟ್ಟೆಯಂತೆಯೇ ಬದುಕಿದವು. ವಿಷವನ್ನು ಜಯಿಸುವುದು ಬಿಟ್ಟಿಯ ಕೆಲಸವಲ್ಲ, ಅದಕ್ಕೆ ಬೆಲೆ ತೆರಬೇಕು ಎಂಬುದು ಈ ಪ್ರಯೋಗದಿಂದ ಸ್ಪಷ್ಟವಾಯಿತು.

ವಿಷವನ್ನು ತಡೆಯಬಲ್ಲ ಹುಳು ಅದನ್ನು ಮೈಯಲ್ಲಿ ಕೂಡಿಟ್ಟುಕೊಳ್ಳಲೂ ಬಲ್ಲದು. ಹಾಗಾದರೆ ಬಣ್ಣವೇಕೆ? ಈ ಪ್ರಶ್ನೆಗೆ ಒಂದು ಸ್ವಾರಸ್ಯವಾದ ಇತಿಹಾಸವಿದೆ. ಪ್ರಾಣಿಗಳ ಬಣ್ಣದ ಬೆಡಗು ಗಂಡು ಹೆಣ್ಣುಗಳ ಆಯ್ಕೆಯಿಂದ ಬಂದದ್ದೆಂದು ಡಾರ್ವಿನ್ ಯೋಚಿಸುತ್ತಿದ್ದನು. ಮರಿಹುಳುಗಳ ವಿಚಾರ ಬಂದಾಗ ಆತನಿಗೆ ತೊಡಕಾಯಿತು. ಮರಿಹುಳು ಇನ್ನೂ ಸಂಗಾತಿಯನ್ನರಸುವ ವಯಸ್ಸಿನದಲ್ಲ; ಅದು ಯಾರಿಗಾಗಿ ಸಿಂಗರಿಸಿಕೊಳ್ಳಬೇಕು? 1867ರ ಫೆಬ್ರವರಿಯಲ್ಲಿ ಆತನು ಈ ಸಮಸ್ಯೆಯನ್ನು ವ್ಯಾಲೇಸನಿಗೆ ಬರೆದನು. ವ್ಯಾಲೇಸನು ಒಡನೆಯೇ ಉತ್ತರ ಕೊಟ್ಟನು. ಹುಳುವಿನ ಮೈ ಮೃದು. ಹಕ್ಕಿ ಒಮ್ಮೆ ಕುಕ್ಕಿದರೆ ಸಾಕು, ಆಮೇಲೆ ರುಚಿಯಿಲ್ಲವೆಂದು ಉಗುಳಿದರೂ ಹುಳು ಉಳಿಯದು. ಆದ್ದರಿಂದ ತಾನು ತಿನ್ನಲು ಅಯೋಗ್ಯವೆಂಬುದನ್ನು ಕುಕ್ಕುವ ಮೊದಲೇ ಸಾರಬೇಕು. ಬಣ್ಣವೇ ಆ ಸಾರುವಿಕೆ. ಇದನ್ನು ಪರೀಕ್ಷಿಸಿ ನೋಡಿರೆಂದು ಅವನು ಕೀಟಶಾಸ್ತ್ರಜ್ಞರನ್ನು ಕೇಳಿಕೊಂಡನು. ಜೆನ್ನರ್ ವಿಯರ್ ಎಂಬಾತನು ತಾನು ಸಾಕಿದ್ದ ಹಕ್ಕಿಗಳ ಮುಂದೆ ಬಗೆಬಗೆಯ ಹುಳುಗಳನ್ನಿಟ್ಟು, ಬಣ್ಣದ ಹುಳುಗಳನ್ನು ಹಕ್ಕಿಗಳು ತೊರೆಯುವುದನ್ನೂ ಮಂಕುಬಣ್ಣದ ನುಣುಪು ಹುಳುಗಳನ್ನು ಆಸೆಯಿಂದ ತಿನ್ನುವುದನ್ನೂ 1869ರಲ್ಲಿ ವರದಿ ಮಾಡಿದನು.

ವಿಷಕ್ಕೂ ಹಕ್ಕಿಯ ತಿರಸ್ಕಾರಕ್ಕೂ ಇರುವ ನಂಟನ್ನು ಗಟ್ಟಿಯಾಗಿ ಸ್ಥಾಪಿಸಿದ್ದು 1960ರ ದಶಕದಲ್ಲಿ ಲಿಂಕನ್ ಬ್ರೋವರ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಮಾಡಿದ ಪ್ರಯೋಗಗಳು. ಬ್ಲೂ ಜೇ ಎಂಬ ನೀಲಿಹಕ್ಕಿಗೆ ವಿಷದ ಗಿಡ ತಿಂದು ಬೆಳೆದ ಮೊನಾರ್ಕ್ ಚಿಟ್ಟೆಯನ್ನು ತಿನ್ನಿಸಿದಾಗ ಅದು ಕೆಲವೇ ನಿಮಿಷಗಳಲ್ಲಿ ವಾಂತಿಮಾಡಿತು. ಅನಂತರ ಅಂಥ ಚಿಟ್ಟೆಯನ್ನು ಮುಟ್ಟಲೊಲ್ಲದು. ಆದರೆ ಎಲೆಕೋಸಿನ ಮೇಲೆ ಕಷ್ಟಪಟ್ಟು ಸಾಕಿದ ಮೊನಾರ್ಕ್ ಚಿಟ್ಟೆಗಳನ್ನು ಅನುಭವವಿಲ್ಲದ ಹಕ್ಕಿಗಳು ಯಾವ ತೊಂದರೆಯೂ ಇಲ್ಲದೆ ತಿಂದವು. ಬಣ್ಣ ಒಂದೇ, ರೂಪ ಒಂದೇ; ತಿಂದ ಆಹಾರ ಮಾತ್ರ ಬೇರೆ. ಇದರಿಂದ ಇನ್ನೊಂದು ಅಂಶವೂ ಹೊರಪಟ್ಟಿತು. ಒಂದೇ ಜಾತಿಯ ಚಿಟ್ಟೆಗಳಲ್ಲಿ ಕೆಲವು ವಿಷ ತುಂಬಿದವು, ಕೆಲವು ಹುಸಿ. ನಮ್ಮ ಎಕ್ಕದ ಚಿಟ್ಟೆಯಲ್ಲಿಯೂ ಈ ವ್ಯತ್ಯಾಸ ಬಹಳ. ಕಳ್ಳನಾಣ್ಯ ವಿರಳವಾಗಿರುವವರೆಗೆ ಸಂತೆಯಲ್ಲಿ ಒಳ್ಳೆಯ ನಾಣ್ಯದೊಡನೆ ಅದೂ ಸಾಗುತ್ತದೆಯಲ್ಲವೆ?

ಇಲ್ಲಿ ಭೌತಶಾಸ್ತ್ರದವರಾದ ನಮಗೆ ಸಹಜವಾಗಿ ಏಳುವ ಪ್ರಶ್ನೆಯೊಂದಿದೆ. ಈ ಬಣ್ಣಗಳು ಎಷ್ಟು ದೂರದವರೆಗೆ ಸಾರುತ್ತವೆ? ನಮ್ಮ ಕಣ್ಣು ಎರಡು ಬಿಂದುಗಳನ್ನು ಬೇರೆ ಬೇರೆಯಾಗಿ ಕಾಣಬೇಕಾದರೆ ಅವು ಕಣ್ಣಿನಲ್ಲಿ ಮಾಡುವ ಕೋನವು ಒಂದು ಡಿಗ್ರಿಯ ಅರುವತ್ತರಲ್ಲೊಂದು ಭಾಗದಷ್ಟಾದರೂ ಇರಬೇಕು. ಒಂದು ಮಿಲಿಮೀಟರ್ ಅಗಲದ ಗೆರೆ ಸುಮಾರು ಮೂರೂವರೆ ಮೀಟರ್ ದೂರದಲ್ಲಿ ಇಷ್ಟು ಕೋನವನ್ನು ಮಾಡುತ್ತದೆ; ಎರಡು ಮಿಲಿಮೀಟರಿನದು ಏಳು ಮೀಟರ್ ದೂರದಲ್ಲಿ. ಮರಿಹುಳುವಿನ ಉಂಗುರಗಳು ಹೆಚ್ಚುಕಡಿಮೆ ಇದೇ ಅಳತೆಯವು. ನಾವು ವಿದ್ಯಾರ್ಥಿಗಳೊಡನೆ ಗಿಡದ ಮುಂದೆ ನಿಂತು ಹೆಜ್ಜೆಹೆಜ್ಜೆಯಾಗಿ ಹಿಂದಕ್ಕೆ ಸರಿದು ನೋಡಿದೆವು. ಮೂರು ಹೆಜ್ಜೆಯಲ್ಲಿ ಪಟ್ಟೆಗಳು ಕಣ್ಣಿಗೆ ಹೊಡೆಯುವಂತಿದ್ದವು. ಆರೇಳು ಹೆಜ್ಜೆಗೆ ಉಂಗುರಗಳು ಒಂದರಲ್ಲೊಂದು ಕಲೆಯತೊಡಗಿದವು. ಹತ್ತು ಹನ್ನೆರಡು ಹೆಜ್ಜೆಯಾಚೆ ಕಪ್ಪು, ಬಿಳಿ, ಹಳದಿ ಮೂರೂ ಕೂಡಿ ಮಾಸಲು ಬಣ್ಣದ ಒಂದು ಕಡ್ಡಿಯಾಯಿತು. ಬೂದುಹಸಿರಿನ ಎಕ್ಕದ ಎಲೆಯ ಮೇಲೆ ಅದನ್ನು ತಿಳಿದೇ ಹುಡುಕಬೇಕಾಯಿತು. ಸಣ್ಣ ಹಕ್ಕಿಗಳ ಕಣ್ಣಿನ ಸೂಕ್ಷ್ಮತೆ ನಮ್ಮದಕ್ಕಿಂತ ಸಾಮಾನ್ಯವಾಗಿ ಕಡಿಮೆ. ಹದ್ದು ಗಿಡುಗಗಳ ಮಾತು ಬೇರೆ. ಆದ್ದರಿಂದ ಹುಳು ದೂರದವರಿಗೆ ಅಡಗಿಯೂ ಹತ್ತಿರ ಬಂದವರಿಗೆ ಸಾರಿಯೂ ಇರಬಲ್ಲದು. ದೂರದಲ್ಲಿರುವ ಹಕ್ಕಿಯನ್ನು ಕರೆದು ಎಚ್ಚರಿಸುವ ಅಗತ್ಯವಾದರೂ ಏನಿದೆ?

ಹಕ್ಕಿಯ ಕಣ್ಣಿಗೂ ನಮ್ಮ ಕಣ್ಣಿಗೂ ಇನ್ನೂ ಒಂದು ಭೇದವಿದೆ. ನಮ್ಮ ಕಣ್ಣಿನಲ್ಲಿ ಬಣ್ಣವನ್ನರಿಯುವ ಕೋಶಗಳು ಮೂರು ಬಗೆ, ಹಕ್ಕಿಗಳಲ್ಲಿ ನಾಲ್ಕು. ಬಹುಮಟ್ಟಿನ ಹಾಡುಹಕ್ಕಿಗಳು ನಮಗೆ ಕಾಣದ ಅತಿನೇರಿಳೆ ಬೆಳಕನ್ನೂ ಕಾಣುತ್ತವೆ. ನಾವು ವರ್ಣಿಸುವ ಹಳದಿ, ಕೆಂಪುಗಳು ಹಕ್ಕಿಗೆ ಹಾಗೆಯೇ ತೋರುತ್ತವೆಂದು ತಿಳಿಯಲಾಗದು.

ಒಂದು ಜಾತಿಯ ವಿಷ ಪ್ರಸಿದ್ಧವಾದ ಮೇಲೆ ಅದರ ವೇಷವನ್ನು ಕದಿಯುವವರೂ ಹುಟ್ಟಿಕೊಳ್ಳುತ್ತಾರೆ. ಇಂಥ ಅನುಕರಣವನ್ನು ಮೊದಲು ವಿವರಿಸಿದವನು ಬೇಟ್ಸ್, 1862ರಲ್ಲಿ. ನಮ್ಮಲ್ಲಿನ ಹಿಪೊಲಿಮ್ನಾಸ್ ಮಿಸಿಪ್ಪಸ್ ಎಂಬ ಚಿಟ್ಟೆ ಇದಕ್ಕೆ ಒಳ್ಳೆಯ ನಿದರ್ಶನ. ಗಂಡು ಕಪ್ಪು, ರೆಕ್ಕೆಗಳ ಮೇಲೆ ನೀಲಿ ಅಂಚಿನ ದೊಡ್ಡ ಬಿಳಿಯ ಮಚ್ಚೆಗಳು. ಹೆಣ್ಣಾದರೋ ತದ್ವತ್ ಎಕ್ಕದ ಚಿಟ್ಟೆ! ಗಂಡು ಹೆಣ್ಣುಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಒಂದೇ ಜಾತಿಯೆಂದು ಹೇಳಲು ಮನಸ್ಸು ಬಾರದು. ಇದರ ಮರಿಹುಳು ಎಕ್ಕವನ್ನು ತಿನ್ನುವುದಿಲ್ಲ; ಹಿತ್ತಲಿನ ಗೋಣಿಸೊಪ್ಪಿನಂಥ ನಿರುಪದ್ರವಿ ಗಿಡಗಳೇ ಅದರ ಆಹಾರ. ಅಸಲಿಯನ್ನು ನಕಲಿಯಿಂದ ಬೇರ್ಪಡಿಸುವ ಗುರುತು ಹಿಂದಿನ ರೆಕ್ಕೆಯ ಮೇಲಿದೆ. ಎಕ್ಕದ ಚಿಟ್ಟೆಯಲ್ಲಿ ರೆಕ್ಕೆಯ ನಡುವೆ ಮೂರು ನಾಲ್ಕು ಕಪ್ಪು ಚುಕ್ಕೆಗಳಿರುತ್ತವೆ. ನಕಲಿಯಲ್ಲಿ ಅಂಚಿನ ಬಳಿ ಒಂದೇ ಚುಕ್ಕೆ.

ಎಕ್ಕದ ಗಿಡದ ಬಣ್ಣಗಳೆಲ್ಲ ಒಂದೇ ರೀತಿಯಲ್ಲಿ ಹುಟ್ಟಿದವಲ್ಲ. ತಿಗಣೆಯ ಕೆಂಪಿಗೆ ಟೆರಿನ್ ಎಂಬ ವರ್ಣದ್ರವ್ಯಗಳು ಕಾರಣ. ಚಿಟ್ಟೆಯ ರೆಕ್ಕೆಯ ಕಪ್ಪಿಗೆ ನಮ್ಮ ತಲೆಗೂದಲಿನಲ್ಲಿರುವ ಮೆಲನಿನ್ನೇ ಕಾರಣ. ಇವು ಬೆಳಕಿನ ಕೆಲವು ಭಾಗಗಳನ್ನು ಹೀರಿ ಉಳಿದುದನ್ನು ಹಿಂದಕ್ಕೆ ಕಳುಹಿಸುತ್ತವೆ. ಹೂವಿಗೆ ಬರುವ ಕರಿದುಂಬಿಯ ರೆಕ್ಕೆಯನ್ನು ಬಿಸಿಲಿನಲ್ಲಿ ನೋಡಿದರೆ ಅಲ್ಲಿ ನೇರಿಳೆ, ನೀಲಿ, ಹಸಿರುಗಳು ಅತ್ತಿತ್ತ ಓಡಾಡುತ್ತವೆ. ಇದು ವರ್ಣದ್ರವ್ಯದ ಆಟವಲ್ಲ. ರೆಕ್ಕೆಯ ಪೊರೆಯು ಬೆಳಕಿನ ತರಂಗದೂರಕ್ಕೆ ಸಮೀಪದ ದಪ್ಪವುಳ್ಳ ತೆಳುಪದರಗಳಿಂದಾದದ್ದು; ಮೇಲಿನ ಮತ್ತು ಕೆಳಗಿನ ಮುಖಗಳಿಂದ ಪ್ರತಿಫಲಿಸಿದ ತರಂಗಗಳು ಕೂಡಿಕೊಂಡು ಕೆಲವು ಬಣ್ಣಗಳನ್ನು ಬಲಪಡಿಸುತ್ತವೆ, ಕೆಲವನ್ನು ಅಳಿಸುತ್ತವೆ. ಸೋಪಿನ ಗುಳ್ಳೆಯಲ್ಲಿಯೂ ಮಳೆನೀರಿನ ಮೇಲೆ ಹರಡಿದ ಎಣ್ಣೆಯಲ್ಲಿಯೂ ನಡೆಯುವುದು ಇದೇ ವ್ಯತಿಕರಣ. ಎರಡನ್ನೂ ಬೇರ್ಪಡಿಸುವ ಉಪಾಯ ಸುಲಭ. ನೋಡುವ ಕೋನವನ್ನು ಬದಲಿಸಿದಾಗ ಬಣ್ಣವೂ ಬದಲಾದರೆ ಅದು ತೆಳುಪದರದ ಬಣ್ಣ. ಬದಲಾಗದಿದ್ದರೆ ಬಹುಮಟ್ಟಿಗೆ ದ್ರವ್ಯದ ಬಣ್ಣ. 1930ರ ದಶಕದಲ್ಲಿ ಸಿ. ವಿ. ರಾಮನ್ ಅವರು ಬೆಂಗಳೂರಿನಲ್ಲಿ ಕುಳಿತು ಮುತ್ತಿನ ಚಿಪ್ಪಿನ ಹೊಳಪನ್ನೂ ಹಕ್ಕಿಯ ಗರಿಗಳ ಬಣ್ಣವನ್ನೂ ಕುರಿತು ನಡೆಸಿದ ಸಂಶೋಧನೆಗಳನ್ನು ಇಲ್ಲಿ ನೆನೆಯಬಹುದು.

ಕರಿದುಂಬಿ ಎಕ್ಕಕ್ಕೆ ಬೇಕಾದ ಅತಿಥಿ. ಎಕ್ಕದ ಹೂವಿನಲ್ಲಿ ಪರಾಗವು ಪುಡಿಯಾಗಿ ಉದುರುವುದಿಲ್ಲ. ಮೇಣದಂಥ ಎರಡೆರಡು ಚೀಲಗಳಾಗಿ, ನಡುವೆ ಒಂದು ಸಣ್ಣ ಕೊಂಡಿಯಿಂದ ಜೋಡಿಸಿಕೊಂಡು ಕಿರೀಟದ ಸಂದುಗಳಲ್ಲಿ ಅಡಗಿರುತ್ತದೆ. ಜೇನಿಗಾಗಿ ಬಂದ ದುಂಬಿಯ ಕಾಲು ಸಂದಿನಲ್ಲಿ ಜಾರಿದರೆ ಕೊಂಡಿ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ದುಂಬಿ ಬಲವಾಗಿ ಎಳೆದುಕೊಂಡು ಹಾರಿದಾಗ ಚೀಲಗಳೆರಡೂ ಜೊತೆಗೆ ಹೋಗುತ್ತವೆ. ಈ ಎಳೆತಕ್ಕೆ ಬಲವಿಲ್ಲದ ಸಣ್ಣ ಕೀಟಗಳಿಂದ ಎಕ್ಕಕ್ಕೆ ಹೆಚ್ಚಿನ ಪ್ರಯೋಜನವಿಲ್ಲ.

ಇದನ್ನೆಲ್ಲ ಸ್ವತಃ ನೋಡಬಯಸುವವರಿಗೆ ಬೇಕಾದುದು ಒಂದು ಭೂತಗನ್ನಡಿ, ಒಂದು ನೋಟುಪುಸ್ತಕ, ಮನೆಗೆ ಸಮೀಪದ ಒಂದೇ ಒಂದು ಗಿಡ. ಹತ್ತು ಗಿಡಗಳನ್ನು ಒಮ್ಮೊಮ್ಮೆ ನೋಡುವುದಕ್ಕಿಂತ ಒಂದೇ ಗಿಡವನ್ನು ವಾರಕ್ಕೆ ಮೂರು ಸಲ, ಅದೇ ಹೊತ್ತಿನಲ್ಲಿ, ತಿಂಗಳುಗಟ್ಟಲೆ ನೋಡುವುದು ಲೇಸು. ಪ್ರತಿ ಸಲವೂ ಯಾವ ಕೀಟ, ಎಷ್ಟು, ಗಿಡದ ಯಾವ ಭಾಗದಲ್ಲಿ ಎಂಬುದನ್ನು ಬರೆದಿಡಬೇಕು. 'ಇಂದು ಏನೂ ಇಲ್ಲ' ಎಂಬುದನ್ನೂ ಬರೆಯಬೇಕು. ಎಷ್ಟೋ ನೋಟುಪುಸ್ತಕಗಳು ಕೆಡುವುದು ಈ ಒಂದು ಸಾಲನ್ನು ಬಿಡುವುದರಿಂದ. ನಿವೇಶನ ಚೊಕ್ಕಟ ಮಾಡುವವರು ಮೊದಲು ಕಡಿಯುವುದು ಎಕ್ಕವನ್ನೇ ಆದುದರಿಂದ, ಸಾಧ್ಯವಾದರೆ ಶಾಲೆ ಕಾಲೇಜುಗಳ ಆವರಣದ ಮೂಲೆಯಲ್ಲಿ ಒಂದು ಗಿಡವನ್ನು ಉಳಿಸಿಕೊಳ್ಳಲು ಹಿರಿಯರನ್ನು ಒಪ್ಪಿಸುವುದು ಒಳ್ಳೆಯದು.

ಚಿಟ್ಟೆಯ ಮೊಟ್ಟೆಯಿಂದ ಚಿಟ್ಟೆಯವರೆಗಿನ ಕಥೆ ನಮ್ಮ ಹವೆಯಲ್ಲಿ ಸುಮಾರು ಒಂದು ತಿಂಗಳಲ್ಲಿ ಮುಗಿಯುತ್ತದೆ. ಬೆಳೆದ ಹುಳು ತಲೆಕೆಳಗಾಗಿ ತೂಗಿಕೊಂಡು ತಿಳಿಹಸಿರಿನ ಅಥವಾ ನಸುಗೆಂಪಿನ ಕೋಶವಾಗುತ್ತದೆ. ಕೋಶದ ಮೇಲೆ ಸಣ್ಣ ಚಿನ್ನದ ಬೊಟ್ಟುಗಳಿರುತ್ತವೆ. ಕಣಗಿಲೆಯ ಗಿಡದಲ್ಲಿ ಬೆಳೆಯುವ ಇದರ ಬಂಧುವಾದ ಕಪ್ಪುಚಿಟ್ಟೆಯ ಕೋಶವಂತೂ ಇಡಿಯಾಗಿ ಅಕ್ಕಸಾಲಿಯ ಅಂಗಡಿಯಿಂದ ಬಂದಂತೆ ಥಳಥಳಿಸುತ್ತದೆ. ಅದರಲ್ಲಿ ಲೋಹದ ಲೇಶವೂ ಇಲ್ಲ. ನೀರು ತುಂಬಿದ ಮತ್ತು ಸಾಂದ್ರವಾದ ತೆಳುಪದರಗಳು ನೂರಾರು ಸಂಖ್ಯೆಯಲ್ಲಿ ಒಂದರ ಮೇಲೊಂದು ಜೋಡಿಸಿಕೊಂಡು ಬೆಳಕನ್ನು ಕನ್ನಡಿಯಂತೆ ಹಿಂದಿರುಗಿಸುತ್ತವೆ. ಚಿಟ್ಟೆ ಹಾರಿಹೋದ ಮೇಲೆ ಖಾಲಿ ಕೋಶ ಒಣಗುತ್ತದೆ, ಪದರಗಳಲ್ಲಿನ ನೀರು ಆರಿ ಅವುಗಳ ದಪ್ಪ ಕುಗ್ಗುತ್ತದೆ, ಚಿನ್ನವೂ ಮಾಯವಾಗುತ್ತದೆ.